ಅವನಿಗೆ ಕೇಳಿಸದೇ ಹೋದ ಮಾತು

"ಬಾಯೊಳಗೆ ಏನೂ ತುರುಕಬೇಡಿ. ಮೊದಲು ಕೈ ತೆಗೀರಿ!"

ತುಂಬಿದ ಟ್ರಾಲಿಬಸ್ಸಿನಲ್ಲಿ ಆ ದನಿ ಕೇಳಿ ಎಲ್ಲರೂ ತಿರುಗಿ ನೋಡಿದರು.

ಹಿಂಬಾಗಿಲ ಹತ್ತಿರ ಕಾಲೇಜು ಹುಡುಗಿಯೊಬ್ಬಳು ನೆಲಕ್ಕೆ ಬಿದ್ದಿದ್ದಳು. ಮೈ ಸೆಟೆದು ಕೈಕಾಲು ಒಂದೇ ಸಮನೆ ಅದುರುತ್ತಿದ್ದವು. ಉಣ್ಣೆ ಟೋಪಿಯ ಮುದುಕರೊಬ್ಬರು ತಮ್ಮ ಮನೆಯ ಬೀಗದ ಕೈಯನ್ನು ಅವಳ ಹಲ್ಲಿನ ನಡುವೆ ತೂರಿಸಲು ಹೆಣಗುತ್ತಿದ್ದರು.

"ನಾಲಿಗೆ ನುಂಗಿಬಿಡ್ತಾಳಮ್ಮ..."

"ನಾಲಿಗೆ ಯಾರೂ ನುಂಗಲ್ಲ ತಾತ. ನಿಮ್ಮ ಬೆರಳು ಹೋಗುತ್ತೆ ಅಷ್ಟೇ. ಬೀಗದ ಕೈ ಜೇಬಿಗೆ ಹಾಕ್ಕೊಳ್ಳಿ."

ಹಾಗಂದವಳು ನೆವೆನಾ. ಅಷ್ಟರಲ್ಲಿ ಬಸ್ಸು ರಸ್ತೆ ಬದಿಗೆ ನಿಂತಿತ್ತು. ಡ್ರೈವರ್ ಜನರನ್ನು ಸರಿಸಿಕೊಂಡು ಓಡಿ ಬಂದ. ಎತ್ತರದ ಆಳು. ಮುಖ ಬಿಳಿಚಿಕೊಂಡಿತ್ತು.

"ನಾನೇನು ಮಾಡ್ಲಿ?"

"ನಿಮ್ಮ ಕೋಟು ಕೊಡಿ."

ಅವನು ಮರುಮಾತಾಡದೆ ಬಿಚ್ಚಿ ಕೊಟ್ಟ. ನೆವೆನಾ ಅದನ್ನು ಮಡಚಿ ಹುಡುಗಿಯ ತಲೆಯಡಿ ಇಟ್ಟಳು, ಕೊರಳಿಗೆ ಬಿಗಿದಿದ್ದ ಮಫ್ಲರ್ ಸಡಿಲಿಸಿದಳು, ಆಮೇಲೆ ಕೈಗಡಿಯಾರ ನೋಡುತ್ತಾ ಕೂತುಬಿಟ್ಟಳು.

"ಸುಮ್ನೆ ಕೂತಿದೀರಲ್ಲ?" ಡ್ರೈವರ್‌ಗೆ ತಡೆಯಲಾಗಲಿಲ್ಲ.

"ಸುಮ್ನೆ ಕೂತಿಲ್ಲ, ಟೈಮ್ ನೋಡ್ತಿದೀನಿ. ಐದು ನಿಮಿಷ ದಾಟಿದ್ರೆ ಆಂಬುಲೆನ್ಸ್ ಬೇಕು. ಅಲ್ಲೀವರೆಗೆ ಇವಳ ತಲೆ ಆ ಕಂಬಿಗೆ ಬಡೀಬಾರ್ದು. ನಿಮ್ಮ ಕೈ ಇಲ್ಲಿಡಿ. ಒತ್ತಬೇಡಿ... ಹಿಡಿದಿರಿ ಸಾಕು."

ಅವನ ಕೈ ಎಲ್ಲಿರಬೇಕೆಂದು ಅವಳೇ ಹಿಡಿದು ತೋರಿಸಿದಳು. ಆ ದೊಡ್ಡ ಕೈ ಅಲ್ಲಿಂದ ಕದಲಲಿಲ್ಲ.

ಒಂದು ನಿಮಿಷ ನಲವತ್ತು ಸೆಕೆಂಡಿಗೆ ಅದುರಾಟ ನಿಂತಿತು. ನೆವೆನಾ ಹುಡುಗಿಯನ್ನು ಮಗ್ಗುಲಿಗೆ ಹೊರಳಿಸಿ, ಕೆನ್ನೆ ಮೇಲಿನ ಜೊಲ್ಲು ಒರೆಸಿ, ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು:

"ಏನಿಲ್ಲ ಪುಟ್ಟಾ... ಬಸ್ಸಲ್ಲಿದೀಯ. ಎಲ್ಲ ಮುಗೀತು."

ತಲೆ ಎತ್ತಿದಾಗ ಡ್ರೈವರ್ ಹುಡುಗಿಯನ್ನು ನೋಡುತ್ತಿರಲಿಲ್ಲ, ಅವಳನ್ನೇ ನೋಡುತ್ತಿದ್ದ.

ನೆವೆನಾಳಿಗೆ ಯಾಕೋ ಆ ನೋಟದಿಂದ ಕಣ್ಣು ಕೀಳಲು ಆಗಲಿಲ್ಲ.

*

ಅವನ ಹೆಸರು ಅಸೆನ್. ವಯಸ್ಸು ಮೂವತ್ಮೂರು. ನೆವೆನಾಳಿಗಿಂತ ನಾಲ್ಕು ವರ್ಷ ದೊಡ್ಡವನು. ಕೊಳೆಯಾದ ಕೋಟನ್ನು ಒಗೆದು ಇಸ್ತ್ರಿ ಮಾಡಿ ಅವಳು ಡಿಪೋಗೆ ತಂದುಕೊಟ್ಟಾಗ ಕಾಫಿ ಕುಡಿಯೋಣ ಅಂದ. ಆಮೇಲೆ ಮತ್ತೊಂದು ದಿನ. ಚಳಿಗಾಲ ಮುಗಿಯುವ ಹೊತ್ತಿಗೆ ಅವಳು ದಿನಾ ಅವನ ಬಸ್ಸಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದಳು. ಅವಳು ಓಡಿ ಬರುವುದು ಕಂಡರೆ ಅವನು ಬಾಗಿಲು ಮುಚ್ಚುತ್ತಿರಲಿಲ್ಲ.

"ಹೋಗೋಣ ಕಣಪ್ಪ," ಅಂತ ಹಿಂದಿನ ಸೀಟಿನ ಹೆಂಗಸರು ಕೆಣಕುತ್ತಿದ್ದರು. "ಮದುಮಗಳು ಹತ್ತಿದ್ಲಲ್ಲ!"

ನೆವೆನಾಳ ಕೆಲಸ ನರರೋಗ ವಿಭಾಗದ ಇಇಜಿ ಕೋಣೆಯಲ್ಲಿ. ರೋಗಿಗಳ ತಲೆಗೆ ಸಣ್ಣ ಸಣ್ಣ ತಂತಿ ಅಂಟಿಸಿ, ಮಿದುಳಿನ ಅಲೆಗಳು ಪರದೆಯ ಮೇಲೆ ಹರಿಯುವುದನ್ನು ದಾಖಲಿಸುವುದು.

ಭಾನುವಾರ ಅವರಿಬ್ಬರೂ ನಮ್ಮ ರೂಸೆ ಊರಿನ ಡ್ಯಾನ್ಯೂಬ್ ನದಿ ದಂಡೆಯಲ್ಲಿ ನಡೆಯುತ್ತಿದ್ದರು. ಎದುರು ದಡದಲ್ಲಿ ರೊಮೇನಿಯಾದ ಮರಗಳು, ನಡುವೆ ನಿಧಾನಕ್ಕೆ ಸಾಗುವ ಸರಕು ದೋಣಿಗಳು. ಅಸೆನ್‌ಗೆ ಅವಳ ಕೆಲಸದ ಮಾತೆಂದರೆ ಎಷ್ಟು ಕೇಳಿದರೂ ಸಾಲದು.

"ಅವತ್ತು ಬಸ್ಸಲ್ಲಿ ಬಂತಲ್ಲ, ಎಲ್ಲರಿಗೂ ಹಂಗೇ ಬರುತ್ತಾ?"

"ಅದು ಎಲ್ಲರಿಗೂ ಗೊತ್ತಿರೋದು. ಬೀಳೋದು, ಒದ್ದಾಡೋದು. ಬೇರೆ ಎಷ್ಟೋ ಥರ ಇದಾವೆ. ಮೊನ್ನೆ ಎಂಟು ವರ್ಷದ ಹುಡುಗಿ ಬಂದಿದ್ಲು. ಮಾತಾಡ್ತಾ ಆಡ್ತಾ ಹತ್ತು ಸೆಕೆಂಡ್ ನಿಂತುಬಿಡ್ತಾಳೆ, ಆಮೇಲೆ ಬಿಟ್ಟ ಕಡೆಯಿಂದನೇ ಮುಂದುವರಿಸ್ತಾಳೆ. ದಿನಕ್ಕೆ ಐವತ್ತು ಸಲ! ಮೇಷ್ಟ್ರು ವರ್ಷವಿಡೀ ಮೂಲೇಲಿ ನಿಲ್ಲಿಸಿದ್ರಂತೆ, ಪಾಠ ಕೇಳಲ್ಲ ಅಂತ."

"ಪಾಪ..."

"ಇನ್ನೊಬ್ಬಳು ಹದಿನೇಳು ವರ್ಷದವಳು. ನಿದ್ದೆಗೆಟ್ಟ ಮಾರನೇ ಬೆಳಿಗ್ಗೆ ಕೈ ಜಗ್ಗುತ್ತೆ, ಹಿಡಿದ ಕಾಫಿ ಕಪ್ಪು ಹಾರಿಹೋಗುತ್ತೆ. ಎಷ್ಟು ಕಪ್ಪು ಒಡೆದ್ಲೋ, ಅಷ್ಟು ಬೈಗುಳ ತಿಂದಿದಾಳೆ. ಎಲ್ಲಕ್ಕೂ ಒಂದೇ ಹೆಸರು, ಮೂರ್ಛೆ ರೋಗ. ಆದ್ರೆ ಒಂದೊಂದೂ ಬೇರೆ."

ಅಸೆನ್ ನಡಿಗೆ ನಿಧಾನ ಮಾಡಿದ.

"ಬೀಳದೇ ಇರೋ ದೊಡ್ಡವರಿಗೂ ಬರುತ್ತಾ?"

"ಬರುತ್ತೆ. ಮಿದುಳಿನ ಒಂದು ಮೂಲೇಲಿ ಮಾತ್ರ ಶುರುವಾಗೋದು. ಹೊಟ್ಟೆಯಿಂದ ಏನೋ ಮೇಲಕ್ಕೆ ಏರಿ ಬಂದಂಗಾಗುತ್ತೆ ಅಂತಾರೆ. ಕೆಲವರಿಗೆ ಇಲ್ಲದ ವಾಸನೆ. ಕೆಲವರಿಗೆ, ಇದೆಲ್ಲ ಹಿಂದೆ ಒಂದ್ಸಲ ಹಿಂಗೇ ಆಗಿತ್ತಲ್ಲ ಅನ್ನೋ ಭಾವನೆ. ಆಮೇಲೆ ಒಂದೆರಡು ನಿಮಿಷ ಅವರು ಇಲ್ಲಿರೋದೇ ಇಲ್ಲ. ಕಣ್ಣು ತೆರೆದೇ ಇರುತ್ತೆ. ಬಾಯಿ ಚಪ್ಪರಿಸ್ತಾರೆ, ಗುಂಡಿ ತಡಕಾಡ್ತಾರೆ, ಎದ್ದು ನಡೆದೂ ಹೋಗ್ತಾರೆ. ಏನೂ ನೆನಪಿರಲ್ಲ."

"ಅಂಥೋರು ಬಸ್ ಓಡಿಸಬಹುದಾ?"

"ಅಯ್ಯೋ, ಖಂಡಿತ ಓಡಿಸಬಾರ್ದು. ಯಾಕೆ, ನಿಮ್ಮ ಡಿಪೋದಲ್ಲಿ ಯಾರಾದ್ರೂ ಇದಾರಾ?"

"ಇರಬಹುದು," ಅಂದ ಅಸೆನ್, ನದಿಯ ಕಡೆ ನೋಡುತ್ತಾ.

ಬೇರೆ ಯಾರು ಹಾಗೆ ಕೇಳಿದ್ದರೂ ನೆವೆನಾ ಅವರ ಮುಖವನ್ನು ಒಂದು ಸಲ ಸರಿಯಾಗಿ ನೋಡುತ್ತಿದ್ದಳು. ಅವತ್ತು ನೋಡಲಿಲ್ಲ. ಅವನ ಮೊಣಕೈ ತನ್ನ ಮೊಣಕೈಗೆ ತಾಕುತ್ತಿದೆ ಎಂಬುದೊಂದೇ ಅವಳ ಗಮನದಲ್ಲಿತ್ತು.

ಮಾರನೇ ಬೆಳಿಗ್ಗೆ ಬಸ್ಸಿನಲ್ಲಿ ಬೇರೆ ಡ್ರೈವರ್ ಇದ್ದ.

*

"ಬೆನ್ನುನೋವು," ಅಂದ ಅಸೆನ್ ಫೋನಿನಲ್ಲಿ. "ಡಿಪೋ ಕಂಟ್ರೋಲ್ ರೂಮಿನಲ್ಲಿ ಕೆಲಸ ಕೇಳಿದೆ. ಕೊಟ್ರು."

"ನಂಗೆ ಒಂದು ಮಾತೂ ಹೇಳ್ಲಿಲ್ಲ?"

"ಹೇಳೋಕೆ ಏನಿತ್ತು?"

ಅಲ್ಲಿಂದ ಅವನು ಬದಲಾದ. ಭಾನುವಾರಗಳು ತಪ್ಪತೊಡಗಿದವು. ಸಿಕ್ಕರೂ ಮಾತು ಅರ್ಧಕ್ಕೆ ನಿಲ್ಲಿಸುತ್ತಿದ್ದ. ಇಂಥವನು ಅಲ್ಲವಲ್ಲ ಇವನು... ನಾನೇನಾದರೂ ತಪ್ಪು ಮಾಡಿದೆನಾ?

ನೆವೆನಾಳ ಜೊತೆ ಕೆಲಸ ಮಾಡುವ ಹಿರಿಯ ನರ್ಸ್ ಗಿನಾ, ಎಲ್ಲರ ಪಾಲಿಗೆ ಗಿನಕ್ಕ, ಇದನ್ನೆಲ್ಲ ಕೇಳಿ ಕೈಯಲ್ಲಿದ್ದ ಬಾನಿತ್ಸಾದ, ಅಂದರೆ ಚೀಸ್ ತುಂಬಿ ಬೇಯಿಸಿದ ಪದರದ ತಿಂಡಿಯ, ತುಂಡನ್ನು ಪಕ್ಕಕ್ಕಿಟ್ಟಳು.

"ನೋಡೇ, ಗಂಡಸರು ಹಿಂದೆ ಸರೀತಿದಾರೆ ಅಂದ್ರೆ ಎರಡೇ ಕಾರಣ. ಒಂದೋ ಇನ್ನೊಬ್ಬಳು ಸಿಕ್ಕಿರ್ತಾಳೆ, ಇಲ್ಲಾ ಹೆದರಿರ್ತಾರೆ. ಬಾಯಿಬಿಟ್ಟು ಕೇಳಿಬಿಡು. ಮೂರು ದಿನ ಅಳ್ತೀಯ, ನಾಲ್ಕನೇ ದಿನಕ್ಕೆ ಸರಿಹೋಗ್ತೀಯ."

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಅವಳು ಅವನನ್ನು ನದಿ ದಂಡೆಗೆ ಕರೆದಳು. ಚೆಸ್ಟ್‌ನಟ್ ಮರಗಳು ಬಿಳಿ ಹೂ ಬಿಟ್ಟಿದ್ದವು. ಅವನು ಬೆಂಚಿನ ಪಕ್ಕ ನಿಂತಿದ್ದ. ಕೂರು ಅಂದರೆ ಕೂರಲಿಲ್ಲ.

ಅವನ ಮುಖ ನೋಡುತ್ತಾ ಹೇಳಲು ಧೈರ್ಯ ಸಾಲಲಿಲ್ಲ. ತನ್ನ ಚಪ್ಪಲಿಯ ತುದಿ ನೋಡುತ್ತಾ ಹೇಳಿದಳು.

"ಅಸೆನ್... ನಂಗೆ ನೀನಂದ್ರೆ ಇಷ್ಟ. ಬರೀ ಇಷ್ಟ ಅಲ್ಲ. ಬೆಳಿಗ್ಗೆ ಎದ್ದ ತಕ್ಷಣ ನೀನು ನೆನಪಾಗ್ತೀಯ. ನಾವಿಬ್ಬರೂ ಜೊತೆಗಿರೋಣ್ವಾ? ಯಾವಾಗ್ಲೂ?"

ನೀರಿನ ಮೇಲೆ ದೋಣಿಯ ಇಂಜಿನ್ನಿನ ಸದ್ದು ಮಾತ್ರ.

ಆಮೇಲೆ ಕೇಳಿಸಿತು.

"ತ್ಚ್."

ಅವಳು ತಲೆ ಎತ್ತಿದಳು. ಅವನ ಗದ್ದ ಮೇಲಕ್ಕೆ ಎತ್ತಿತ್ತು.

ನಮ್ಮ ಕಡೆ ಮೂರು ವರ್ಷದ ಮಗುವಿಗೂ ಅದರ ಅರ್ಥ ಗೊತ್ತು. ಅಂಗಡಿಗೆ ಹೋಗಿ ಮೊಸರಿದೆಯಾ ಎಂದು ಕೇಳಿದರೆ, ಇಲ್ಲದಿದ್ದಾಗ ಅಂಗಡಿಯವಳು ಮಾತನ್ನೇ ಖರ್ಚು ಮಾಡುವುದಿಲ್ಲ. ಗದ್ದ ಎತ್ತಿ ಒಂದು ಸಲ ಲೊಚಗುಟ್ಟುತ್ತಾಳೆ. ಇಲ್ಲ. ಮುಗಿಯಿತು.

"ತ್ಚ್," ಅಂದ ಅಸೆನ್ ಇನ್ನೊಮ್ಮೆ. ಬೇಸರ ಬಂದವನ ಹಾಗೆ ಅಂಗಿಯ ಗುಂಡಿಯನ್ನು ತಿರುವುತ್ತಾ, ಅವಳಿಗೆ ಬೆನ್ನು ಹಾಕಿ, ಹಡಗುಗಳು ನಿಲ್ಲುವ ಕಡೆಗೆ ನಡೆದುಬಿಟ್ಟ.

"ಅಸೆನ್!"

ಅವನು ತಿರುಗಲಿಲ್ಲ.

ಒಂದು ಮಾತು ಆಡಬಾರದಿತ್ತಾ? ಬೇಡ ಅನ್ನಬಹುದಿತ್ತು, ಕ್ಷಮಿಸು ಅನ್ನಬಹುದಿತ್ತು. ಅಂಗಡಿಯಲ್ಲಿ ಮೊಸರು ಕೇಳಿದವಳಿಗೆ ಹೇಳುವ ಹಾಗೆ...

ಅವಳು ಕಣ್ಣೀರು ಕಾಣದಂತೆ ಮೆಟ್ಟಿಲೇರಿ ಹೊರಟುಹೋದಳು. ಆ ದಿನ ಅವನು ಫೋನ್ ಮಾಡಲಿಲ್ಲ. ಮಾರನೇ ದಿನವೂ ಇಲ್ಲ. ಮಾಡುವುದಿಲ್ಲ ಎಂದು ಅವಳೂ ಶಪಥ ಮಾಡಿದಳು.

ಗಿನಕ್ಕ ಹೇಳಿದ್ದು ಸುಳ್ಳಾಯಿತು. ನಾಲ್ಕನೇ ದಿನಕ್ಕೆ ಸರಿಹೋಗಲಿಲ್ಲ. ನಲವತ್ತನೇ ದಿನಕ್ಕೂ.

*

ಜೂನ್‌ನ ಒಂದು ಬೆಳಿಗ್ಗೆ ಗಿನಕ್ಕ ರೋಗಿಗಳ ಪಟ್ಟಿ ಹಿಡಿದು ಇಇಜಿ ಕೋಣೆಗೆ ಬಂದವಳು ಬಾಗಿಲು ಮುಚ್ಚಿದಳು.

"ಅಸೆನ್ ಗೆಂಚೇವ್. ಇವನೇ ಅಲ್ವಾ ಆ ಲೊಚಗುಟ್ಟಿದ ಮಹಾರಾಯ?"

ನೆವೆನಾಳ ಕೈಯಲ್ಲಿದ್ದ ಅಂಟಿನ ಟ್ಯೂಬು ಹಾಗೇ ನಿಂತಿತು.

"ಏನಾಗಿದೆ ಅವನಿಗೆ?"

"ಬೇಕರಿ ಕ್ಯೂನಲ್ಲಿ ಬಿದ್ದು ಒದ್ದಾಡಿದ್ನಂತೆ. ಅವರಮ್ಮ ಕರ್ಕೊಂಡು ಬಂದಿದಾರೆ. ನಾನು ಬೇಕಾದ್ರೆ ಒಂದು ದೊಡ್ಡ ಸೂಜಿ ಚುಚ್ಚಲಾ?"

"ಇಇಜಿಗೆ ಸೂಜಿ ಇಲ್ಲ ಗಿನಕ್ಕ."

"ಇವನಿಗೋಸ್ಕರ ತರ್ತೀನಿ."

ನೆವೆನಾ ನಗಲಿಲ್ಲ. ಬಿದ್ದು ಒದ್ದಾಡಿದ... ಅಸೆನ್? ಕೋಟು ಸರಿಮಾಡಿಕೊಂಡು ಬಾಗಿಲು ತೆರೆದಳು.

ಅವನು ಸೊರಗಿದ್ದ. ಪರೀಕ್ಷೆಗೆ ರಾತ್ರಿಯಿಡೀ ಎಚ್ಚರವಿರಬೇಕಿತ್ತಾದ್ದರಿಂದ ಕಣ್ಣು ಕೆಂಪಾಗಿತ್ತು. ಪಕ್ಕದಲ್ಲಿ ತಾಯಿ ಸ್ಟೊಯಾಂಕಾ, ಮಡಿಲಲ್ಲಿ ಬ್ಯಾಗು ಅವುಚಿಕೊಂಡು ಕೂತಿದ್ದರು.

"ನಮಸ್ಕಾರ," ಅಂದ ಅಸೆನ್. ಗೊತ್ತಿಲ್ಲದವರಿಗೆ ಹೇಳುವ ಹಾಗೆ.

"ಬನ್ನಿ. ಕೂತ್ಕೊಳ್ಳಿ," ಅಂದಳು ನೆವೆನಾ. ಅವಳೂ ಹಾಗೆಯೇ.

ತಾಯಿ ಹೊರಗೆ ಉಳಿದರು. ಅವಳು ಟೇಪು ಹಿಡಿದು ಅವನ ತಲೆ ಅಳೆದು, ಮೇಣದ ಪೆನ್ಸಿಲ್ಲಿನಿಂದ ಗುರುತು ಹಾಕಿ, ಕೂದಲು ಬಿಡಿಸಿ ಬಿಡಿಸಿ ತಂತಿ ಅಂಟಿಸಿದಳು. ಎಷ್ಟು ಭಾನುವಾರ ಆ ಕೂದಲು ಮುಟ್ಟಬೇಕು ಅನಿಸಿತ್ತು ಅವಳಿಗೆ! ಈಗ ಅಂಟು ಬಳಿಯುತ್ತಾ ಮುಟ್ಟುತ್ತಿದ್ದಳು.

ಅವನು ಗೋಡೆಯನ್ನೇ ನೋಡುತ್ತಿದ್ದ.

"ಕಣ್ಣು ಮುಚ್ಚಿ. ನಿದ್ದೆ ಬಂದ್ರೆ ಮಾಡಬಹುದು."

ಹತ್ತು ನಿಮಿಷ ಪರದೆಯ ಮೇಲೆ ಅಲೆಗಳು ಸಮನಾಗಿ ಹರಿದವು. ಅವನು ತೂಕಡಿಸತೊಡಗಿದ. ಆಗ ಎಡ ಕಿವಿಯ ಮೇಲಿನ ತಂತಿಗಳ ಸಾಲಿನಲ್ಲಿ ಒಂದು ಚೂಪು ಗೀರು ಕಂಡಿತು. ಇನ್ನೊಂದು. ಸ್ವಲ್ಪ ಹೊತ್ತಿಗೆ ಆ ಸಾಲುಗಳು ಗರಗಸದ ಹಲ್ಲಿನಂತೆ ಒಂದೇ ಲಯಕ್ಕೆ ಬಿದ್ದವು.

ಅಸೆನ್ ಕಣ್ಣು ತೆರೆದ. ಅವನ ಗದ್ದ ಮೇಲಕ್ಕೆ ಎತ್ತಿತು.

"ತ್ಚ್."

ನೆವೆನಾ ಪರದೆ ಬಿಟ್ಟು ಅವನ ಮುಖ ನೋಡಿದಳು.

"ತ್ಚ್... ತ್ಚ್..."

ಅವನ ಬಲಗೈ ಅಂಗಿಯ ಗುಂಡಿಯನ್ನು ತಡಕಾಡುತ್ತಿತ್ತು. ಕಣ್ಣು ಅವಳ ಕಡೆಗೇ ಇತ್ತು. ಆದರೆ ಆ ಕಣ್ಣಿನಲ್ಲಿ ಅವನಿರಲಿಲ್ಲ.

ದೇವರೇ... ಅವತ್ತು ಇದೇ... ಇದೇ ಆಗಿತ್ತಾ?

ಇಂಥ ಹೊತ್ತಿನಲ್ಲಿ ಏನು ಮಾಡಬೇಕೋ ಅದನ್ನು ಅವಳ ಕೈ ತಾನಾಗಿಯೇ ಮಾಡಿತು. ಗುಂಡಿ ಒತ್ತಿ ಸಮಯ ಗುರುತು ಮಾಡಿ, ಅವನ ಹತ್ತಿರ ಬಗ್ಗಿದಳು.

"ಅಸೆನ್, ನಾನು ಹೇಳೋ ಮಾತು ನೆನಪಿಟ್ಕೋ. ಹಸಿರು ಕೊಡೆ. ಹಸಿರು... ಕೊಡೆ."

"ತ್ಚ್."

ಒಂದು ನಿಮಿಷ ಇಪ್ಪತ್ತು ಸೆಕೆಂಡಿಗೆ ಗರಗಸ ನಿಂತಿತು. ಅವನು ಕೋಣೆಯನ್ನು ಹೊಸದಾಗಿ ನೋಡುವವನಂತೆ ನೋಡಿದ. ನಾಲ್ಕೈದು ನಿಮಿಷ ಅವಳು ಕಾದಳು.

"ನಾನೊಂದು ಮಾತು ನೆನಪಿಟ್ಕೊಳ್ಳೋಕೆ ಹೇಳಿದ್ದೆ. ಏನು ಹೇಳು?"

"ಮಾತಾ? ಯಾವಾಗ?"

ಅವಳು ಅದನ್ನು ಬರೆದುಕೊಂಡಳು.

"ಬಂತಾ?" ಅಂದ ಅವನು, ಬಾಯಿ ಒಣಗಿತ್ತು.

"ಹೂಂ. ಬಂತು."

"ಈ ಸಲ ಎದ್ದು ಹೋಗ್ಲಿಲ್ಲ ನೀನು."

"ಏನಂದೆ?"

"ಅವತ್ತು ನದಿ ಹತ್ತಿರ ನೋಡಿದ್ಯಲ್ಲ. ಹೊಟ್ಟೆಯಿಂದ ಏರಿ ಬಂತು, ಅಷ್ಟೇ ನೆನಪು. ಎಚ್ಚರ ಆದಾಗ ಹಡಗಿನ ಹಗ್ಗದ ಪಕ್ಕ ಒಬ್ಬನೇ ನಿಂತಿದ್ದೆ. ನೀನಿರ್ಲಿಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತು ಮಾತ್ರ. "ಬಸ್ಸಲ್ಲಿ ಗೊತ್ತಿಲ್ಲದ ಹುಡುಗಿ ಪಕ್ಕ ನೆಲದ ಮೇಲೆ ಕೂತವಳು. ನಂಗೆ ಬಂದಾಗ ಎದ್ದುಹೋದೆ. ಬೇರೆ ಯಾರು ಹೋಗಿದ್ರೂ ಗೊತ್ತಿಲ್ಲದೆ ಹೋದ್ರು ಅನ್ಕೋತಿದ್ದೆ. ನಿಂಗೆ ಅದೇನು ಅಂತ ಗೊತ್ತಿತ್ತು ನೆವೆನಾ."

ಅವಳು ಸ್ಟೂಲಿನ ಮೇಲೆ ಕೂತಳು.

"ಗೊತ್ತಾಗ್ಲಿಲ್ಲ," ಅಂದಳು. "ವಾರಕ್ಕೆ ಮೂವತ್ತು ಜನರನ್ನ ನೋಡ್ತೀನಿ. ನಂಗೇ ಗೊತ್ತಾಗ್ಲಿಲ್ಲ. ನಾನು ತಲೆ ತಗ್ಗಿಸಿದ್ದೆ. ನೀನು ಲೊಚಗುಟ್ಟಿದ್ದು ಕೇಳಿಸ್ತು. ನಿನ್ನ ಗದ್ದ ಮೇಲಿತ್ತು. ನೀನು ಬೆನ್ನು ಹಾಕಿ ಹೋದೆ. ನೀನು ಬೇಡ ಅಂದೆ ಅನ್ಕೊಂಡೆ."

"ಏನನ್ನ ಬೇಡ ಅಂದೆ?"

"ನೀನಂದ್ರೆ ಇಷ್ಟ ಅಂತ ಹೇಳಿದ್ದೆ. ಯಾವಾಗ್ಲೂ ಜೊತೆಗಿರೋಣ್ವಾ ಅಂತ ಕೇಳಿದ್ದೆ."

ಪರದೆಯ ಮೇಲೆ ಅವನ ಅಲೆಗಳು ಸಣ್ಣಗೆ, ವೇಗವಾಗಿ ಹರಿಯುತ್ತಿದ್ದವು.

"ನಂಗೆ ಕೇಳಿಸ್ಲೇ ಇಲ್ಲ," ಅಂದ ಅಸೆನ್.

*

"ಮೂರ್ಛೆ ಅನ್ನೋದು ಜ್ವರ ಅಂದ ಹಾಗೆ," ಅಂದರು ಡಾಕ್ಟರ್ ಪೆಂಚೇವಾ, ತಾಯಿ ಮಗನನ್ನು ಎದುರಿಗೆ ಕೂರಿಸಿಕೊಂಡು. "ಯಾವುದರಿಂದ ಬಂದಿದೆ ಅಂತ ತಿಳೀದೆ ಔಷಧಿ ಕೊಡೋಕಾಗಲ್ಲ. ಒಬ್ಬರಿಗೆ ಹಿಡಿಯೋ ಮಾತ್ರೆ ಇನ್ನೊಬ್ಬರಿಗೆ ಕಾಯಿಲೆ ಹೆಚ್ಚು ಮಾಡುತ್ತೆ. ಇವರದು ಎಡ ಕಿವಿಯ ಮೇಲಿನ ಭಾಗದಲ್ಲಿ ಶುರುವಾಗುತ್ತೆ. ನೆನಪು ಕೂಡಿಡೋ ಜಾಗ ಅದು. ಅಲ್ಲೇ ಮುಗಿದ್ರೆ ಒಂದೆರಡು ನಿಮಿಷ ಮೈಮರೆತ ಹಾಗೆ. ಪೂರ್ತಿ ಮಿದುಳಿಗೆ ಹಬ್ಬಿದ್ರೆ ಬೇಕರಿಯಲ್ಲಿ ಆದ ಹಾಗೆ. ಚಿಕ್ಕವರಿದ್ದಾಗ ಜ್ವರದಲ್ಲಿ ಏನಾದ್ರೂ ಆಗಿತ್ತಾ?"

"ಒಂದೂವರೆ ವರ್ಷಕ್ಕೆ," ಅಂದರು ಸ್ಟೊಯಾಂಕಾ. "ಮೈ ಸುಡ್ತಿತ್ತು. ಅರ್ಧ ಗಂಟೆ ಅದುರಿದ. ಆಮೇಲೆ ಚೆನ್ನಾಗೇ ಇದ್ದ. ಈ ಎರಡು ವರ್ಷದಿಂದ ಆಗಾಗ ದಿಟ್ಟಿಸಿ ನೋಡ್ತಾ ಬಾಯಿ ಚಪ್ಪರಿಸ್ತಿದ್ದ ಡಾಕ್ಟ್ರೇ... ನಾನು ಅವರಪ್ಪನ ಹಾಗೆ ಸೋಮಾರಿ ಆಗ್ತಿದಾನೆ ಅನ್ಕೊಂಡು ಬೈತಿದ್ದೆ." ಅವರು ಕಣ್ಣೊರೆಸಿಕೊಂಡರು.

"ಬೈದಿದ್ದಕ್ಕೆ ಬಂದಿಲ್ಲಮ್ಮ. ಬೈಯದಿದ್ರೂ ಬರ್ತಿತ್ತು. ಸ್ಕ್ಯಾನ್ ಮಾಡಿಸೋಣ. ಅಲ್ಲೊಂದು ಹಳೇ ಗಾಯದ ಕಲೆ ಇರಬಹುದು."

ಸ್ಕ್ಯಾನಿನಲ್ಲಿ ಕಲೆ ಇತ್ತು. ಮಾತ್ರೆ ಶುರುವಾಯಿತು.

ಆಸ್ಪತ್ರೆಯ ಅಂಗಳದಲ್ಲಿ ಲಿಂಡನ್ ಮರಗಳು ಘಮಗುಡುತ್ತಿದ್ದ ಒಂದು ಮಧ್ಯಾಹ್ನ ನೆವೆನಾ ಅವನನ್ನು ತಡೆದು ನಿಲ್ಲಿಸಿದಳು.

"ಆ ಭಾನುವಾರನೇ ನಿಂಗೆ ಗೊತ್ತಾಗಿತ್ತಲ್ವಾ? ಬೆನ್ನುನೋವು ಸುಳ್ಳು."

"ಗೊತ್ತಾಯ್ತು. ನೀನು ಒಂದೊಂದೇ ಹೇಳ್ತಾ ಹೋದೆ, ನಾನು ಒಂದೊಂದನ್ನೇ ನನ್ನ ಮೈಯಲ್ಲಿ ಹುಡುಕ್ತಾ ಹೋದೆ. ಮಾರನೇ ದಿನ ಸ್ಟೀರಿಂಗ್ ಮುಟ್ಟೋಕೆ ಧೈರ್ಯ ಬರ್ಲಿಲ್ಲ. ಹಿಂದೆ ಅರವತ್ತು ಜನ ಕೂತಿರ್ತಾರೆ."

"ನಂಗೆ ಹೇಳಬಾರ್ದಿತ್ತಾ?"

"ಹೇಳಿದ್ರೆ ನಾನು ನಿನ್ನ ಪಟ್ಟಿಯಲ್ಲಿ ಇನ್ನೊಬ್ಬ ಆಗ್ತಿದ್ದೆ. ನೀನು ನನ್ನ ನೋಡೋ ರೀತಿ ಬದಲಾಗಿಬಿಡುತ್ತೆ ಅಂತ ಹೆದರಿದ್ದೆ."

"ಈಗ?"

ಅವನು ನೆಲ ನೋಡಿದ.

"ಈಗ ನಿಂಗೆ ಪಾಪಪ್ರಜ್ಞೆ. ಗುರುತಿಸಲಿಲ್ಲವಲ್ಲ ಅಂತ ಕೊರಗ್ತಿದೀಯ. ಅದರ ಮೇಲೆ ಜೊತೆಗಿರೋಣ ಅಂದ್ರೆ ನಾನು ಒಪ್ಪಲ್ಲ. ನಂಗೆ ನರ್ಸ್ ಬೇಡ ನೆವೆನಾ."

"ನಾನು ನರ್ಸ್ ಅಲ್ಲ. ಟೆಕ್ನಿಷಿಯನ್."

ಅವನ ತುಟಿ ಸ್ವಲ್ಪ ಅರಳಿತು. ಆದರೂ ಹೊರಟುಹೋದ.

ನೋವಾಯಿತು. ಆದರೆ ಯೋಚಿಸಿದರೆ ಅವನ ಮಾತಿನಲ್ಲಿ ಅರ್ಧ ನಿಜವಿತ್ತು. ಅವಳು ದಿನಾ ಆ ಇಇಜಿ ದಾಖಲೆಯನ್ನು ನೆನೆದು ಅಳುತ್ತಿದ್ದಳು. ಅದು ಪ್ರೀತಿಯಾ, ಪಶ್ಚಾತ್ತಾಪವಾ? ಅವಳಿಗೇ ಗೊತ್ತಿರಲಿಲ್ಲ. ಗೊತ್ತಾಗುವವರೆಗೆ ಫೋನ್ ಮಾಡಬಾರದು ಎಂದುಕೊಂಡಳು.

ಮೂರು ವಾರವಾದ ಮೇಲೆ ಅವನೇ ಮಾಡಿದ.

"ಕಾಫಿಗೆ ಬರ್ತೀಯಾ? ಇನ್ನೇನೂ ಇಲ್ಲ. ಬರೀ ಕಾಫಿ."

ಮೊದಲ ಸಲ ಜಗಳದಲ್ಲೇ ಮುಗಿಯಿತು. ಅವನು ಸ್ವಲ್ಪ ಮೌನವಾದರೆ ಸಾಕು, ಅವಳ ಕಣ್ಣು ಕೈಗಡಿಯಾರಕ್ಕೆ ಹೋಗುತ್ತಿತ್ತು. ಮಾತ್ರೆ ತಗೊಂಡ್ಯಾ, ನಿದ್ದೆ ಮಾಡಿದ್ಯಾ, ಅಂತ ಒಂದೇ ಸಮನೆ ಕೇಳುತ್ತಿದ್ದಳು.

"ನೀನು ನನ್ನ ನೋಡ್ತಿಲ್ಲ," ಅಂದ ಅಸೆನ್ ಎದ್ದು ನಿಂತು. "ನನ್ನ ಕಣ್ಣುರೆಪ್ಪೆ ಬಡಿಯೋದನ್ನ ಎಣಿಸ್ತಿದೀಯ."

ಎರಡನೇ ಸಲ ಅವಳು ಗಡಿಯಾರ ಮನೆಯಲ್ಲಿ ಬಿಟ್ಟು ಬಂದಳು. ಅವತ್ತು ಅವರು ಕಂಟ್ರೋಲ್ ರೂಮಿನ ಮಾತಾಡಿದರು. ಡ್ರೈವರ್‌ಗಳೆಲ್ಲ ವಾಕಿಟಾಕಿಯಲ್ಲಿ ಅವನನ್ನು 'ಮೇಷ್ಟ್ರೇ' ಅನ್ನುತ್ತಾರಂತೆ. ಸ್ಟೀರಿಂಗ್ ಮುಂದೆ ಕೂರುವ ಕನಸು ಇನ್ನೂ ಬೀಳುತ್ತದಂತೆ. ಅದನ್ನು ಹೇಳುವಾಗ ಅವನ ದನಿ ಸಣ್ಣದಾಯಿತು. ನೆವೆನಾ ಸಮಾಧಾನ ಹೇಳಲು ಹೋಗಲಿಲ್ಲ. ಕೇಳುತ್ತಾ ಕೂತಳು.

ಜುಲೈನಲ್ಲಿ ಒಂದು ದಿನ ಅವಳ ಎದುರಿಗೇ ಬಂತು. ಕೆಫೆಯ ಅಂಗಳದಲ್ಲಿ ಕೂತಿದ್ದರು. ಅವನು ಮಾತು ನಿಲ್ಲಿಸಿದ, ಕೈ ಗುಂಡಿಗೆ ಹೋಯಿತು. ಅವಳು ಬಿಸಿ ಕಪ್ಪನ್ನು ಪಕ್ಕಕ್ಕೆ ಸರಿಸಿ, ಕುರ್ಚಿ ಹತ್ತಿರ ಎಳೆದುಕೊಂಡಳು. ವೇಟರ್ ಗಾಬರಿಯಾಗಿ ಬಂದಾಗ "ಏನಿಲ್ಲ, ಎರಡು ನಿಮಿಷ" ಅಂದಳು. ಅವನ ಕೈ ಹಿಡಿಯಲಿಲ್ಲ, ತಡೆಯಲಿಲ್ಲ. ಪಕ್ಕದಲ್ಲಿದ್ದಳು.

ಅವನ ಕಣ್ಣಿಗೆ ಅವನು ಮೆಲ್ಲಮೆಲ್ಲಗೆ ವಾಪಸ್ಸು ಬಂದ.

"ಎಷ್ಟು ಹೊತ್ತು?"

"ಗಡಿಯಾರ ಇರ್ಲಿಲ್ಲ. ಒಂದು ನಿಮಿಷ ಇರಬಹುದು."

"ಏನಾದ್ರೂ ಮಾಡಿದ್ನಾ?"

"ನನ್ನ ಬಾನಿತ್ಸಾ ಪೂರ್ತಿ ತಿಂದುಬಿಟ್ಟೆ."

"ನಿಜವಾಗ್ಲೂ?"

"ಇಲ್ಲ. ಅದು ನಾನೇ ತಿಂದೆ."

ಅಸೆನ್ ಅವಳನ್ನೇ ನೋಡಿದ. ಆಮೇಲೆ ನಕ್ಕ. ಹೊಟ್ಟೆ ಹಿಡಿದುಕೊಂಡು, ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ನಕ್ಕ. ಆ ಮುಖ ನೋಡುತ್ತಾ ನೆವೆನಾಳಿಗೆ ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಪಶ್ಚಾತ್ತಾಪ ಇಷ್ಟು ಹಗುರವಾಗಿರುವುದಿಲ್ಲ.

*

ಸೆಪ್ಟೆಂಬರ್ ಬಂತು. ನಮ್ಮ ರೂಸೆಯ ಅಂಗಳಗಳಲ್ಲೆಲ್ಲ ಚಳಿಗಾಲಕ್ಕೆ ಕೂಡಿಡುವ ಮೆಣಸಿನಕಾಯಿ ಸುಡುವ ವಾಸನೆ.

ಸ್ಟೊಯಾಂಕಾ ನೆವೆನಾಳಿಗೆ ಬುಲಾವು ಕಳಿಸಿದ್ದರು. "ನಾಲ್ಕು ಮೂಟೆ ಇದೆ, ಸಿಪ್ಪೆ ಸುಲಿಯೋಕೆ ಕೈ ಬೇಕು. ನನ್ನ ಮಗನಿಗೆ ಒಲೆ ಹತ್ತಿರ ಹೋಗಬೇಡ ಅಂದಿದಾರೆ ಅಂತ ಅದೊಂದು ನೆಪ ಸಿಕ್ಕಿದೆ."

ಒಲೆಯ ಕೆಲಸ ಅವರದು. ಸುಟ್ಟ ಕೆಂಪು ದೊಣ್ಣೆ ಮೆಣಸಿನಕಾಯಿಗಳನ್ನು ತಂದು ತಂದು ಇವರಿಬ್ಬರ ನಡುವಿನ ಬೋಗುಣಿಗೆ ಸುರಿಯುತ್ತಿದ್ದರು. ಇಬ್ಬರ ಕೈಯೂ ಮೊಣಕೈವರೆಗೆ ಕೆಂಪಾಗಿತ್ತು.

ಜುಲೈ ನಂತರ ಡೋಸ್ ಹೆಚ್ಚಿಸಿದ್ದರು. ಆಮೇಲೆ ಒಂದೇ ಒಂದು ಸಲ ಬಂದಿತ್ತು.

ಸ್ಟೊಯಾಂಕಾ ಜಾಡಿ ತರಲು ಒಳಗೆ ಹೋದರು. ಹೋದವರು ಬೇಗ ಬರಲಿಲ್ಲ. ಅಡುಗೆಮನೆಯ ಕಿಟಕಿಯ ಪರದೆ ಒಮ್ಮೆ ಅಲುಗಿತು.

"ನೆವೆನಾ," ಅಂದ ಅಸೆನ್, ಕೈಯಲ್ಲಿದ್ದ ಸಿಪ್ಪೆಯನ್ನೇ ನೋಡುತ್ತಾ. "ನಿನ್ನೆ ಡಾಕ್ಟರ್ ಹತ್ರ ಹೋಗಿದ್ದೆ. ಮಾತ್ರೆಗೆ ಪೂರ್ತಿ ಬಗ್ಗದಿದ್ರೆ ಮುಂದೆ ಆಪರೇಷನ್ ಬಗ್ಗೆ ಯೋಚಿಸಬಹುದಂತೆ. ನನ್ನಂಥ ಕಲೆ ಇರೋರಿಗೆ ಎಷ್ಟೋ ಸಲ ಅದರಿಂದ ವಾಸಿಯಾಗುತ್ತಂತೆ. ಆಗದೇ ಇರಬಹುದು ಕೂಡ."

"ಹೂಂ. ಗೊತ್ತು."

"ಬಸ್ ಓಡಿಸೋದು ಮುಗೀತು. ಜೀವನಪೂರ್ತಿ."

"ಅದೂ ಗೊತ್ತು."

"ಮುಂದೆ ಒಂದು ದಿನ ನೀನು ಏನೋ ಮುಖ್ಯವಾದ ಮಾತು ಹೇಳ್ತಿರ್ತೀಯ, ನಾನು ಅಲ್ಲಿರದೇ ಇರಬಹುದು."

"ಆಗ ಇನ್ನೊಂದ್ಸಲ ಹೇಳ್ತೀನಿ. ನಂಗೇನು ಮಾತಿಗೆ ಬರವಾ?"

ಅವನು ಸಿಪ್ಪೆಯನ್ನು ಕೆಳಗಿಟ್ಟ. ಮುಖ ಎತ್ತಿ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಪೂರ್ತಿ ಎಚ್ಚರದಲ್ಲಿ, ಪೂರ್ತಿ ಇಲ್ಲಿ.

"ಹಂಗಾದ್ರೆ ನಾನು ಕೇಳ್ತೀನಿ. ನಂಗೆ ನೀನಂದ್ರೆ ಪ್ರಾಣ.  ಬಸ್ಸಲ್ಲಿ ನನ್ನ ಕೋಟು ಕಿತ್ಕೊಂಡ ದಿನದಿಂದ. ಈ ಕಾಯಿಲೆ ಹೋದ್ರೂ, ಇದ್ರೂ... ನನ್ನ ಮದುವೆ ಆಗ್ತೀಯಾ?"

ಒಲೆಯಲ್ಲಿ ಮರೆತುಬಿಟ್ಟ ಮೆಣಸಿನಕಾಯಿಯೊಂದು ಸಿಡಿಯಿತು. ಇಬ್ಬರೂ ಆ ಕಡೆ ನೋಡಲಿಲ್ಲ.

"ಆಗ್ತೀನಿ," ಅಂದಳು ನೆವೆನಾ.

"ಯೋಚನೆ ಮಾಡಿ ಹೇಳು."

"ಮಾಡಿಯಾಯ್ತು. ಇಡೀ ಬೇಸಿಗೆ ಅದೇ ಕೆಲಸ."

ಅವಳ ಕೆನ್ನೆ ಒದ್ದೆಯಾಗಿತ್ತು. ಒರೆಸಿಕೊಳ್ಳಲು ಎತ್ತಿದ ಕೈಯನ್ನು ಅವನು ತಡೆದು, ತನ್ನ ತೋಳಿನ ಮೇಲ್ಭಾಗದ ಒಣ ಬಟ್ಟೆಯಿಂದ ಮೆಲ್ಲಗೆ ಒತ್ತಿದ.

"ಅಳ್ತಿದೀಯಾ?"

"ಇಲ್ಲಪ್ಪ. ಮೆಣಸಿನಕಾಯಿ ಘಾಟು."

"ದೊಣ್ಣೆ ಮೆಣಸಿನಕಾಯಿಗೆ ಘಾಟು ಎಲ್ಲಿಂದ ಬಂತು?"

"ಸುಮ್ನೆ ಒರೆಸು," ಅಂದಳು ಅವಳು, ಅವನ ತೋಳಿಗೆ ಮುಖ ಒತ್ತಿ.